ಹೆಣ್ಣಿನ ಮೇಲಿನ ದೌರ್ಜನ್ಯ ಮತ್ತು ದೃಶ್ಯಕಲೆ: ಕೊಪ್ಪಳ, ರಾಯಚೂರು, ಬಳ್ಳಾರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನ ಮಹಿಳಾ ಘಟಕದವರು, ಸ್ವಸಹಾಯ ಸಂಘದವರು, ಡ್ರಾಯಿಂಗ್ ಮಾಸ್ತರರು, ಗೋಡೆ ಚಿತ್ರ ಬರೆಯುವ ಹುಡುಗರು ಕೇಳುವ ಪ್ರಶ್ನೆಗಳಿವು. ನವೆಂಬರ್ 25ರಿಂದ ಡಿಸೆಂಬರ್ 10ರವರೆಗೆ ಹೆಣ್ಣಿನ ಮೇಲಿನ ದೌರ್ಜನ್ಯದ ವಿರುದ್ಧ ನಡೆಯುವ ಹದಿನಾರು ದಿನಗಳ ಅಭಿಯಾನಕ್ಕೆ ಏನಾದರೂ ಮಾಡಬೇಕೆಂದಿರುವವರು ಸೆಪ್ಟೆಂಬರಿನಲ್ಲೇ ಇದನ್ನು ಓದಿಕೊಳ್ಳಲಿ. ಎರಡು ವಾರದಲ್ಲಿ ಅವಸರದಿಂದ ಮಾಡಿದ ಪ್ರದರ್ಶನ ನೊಂದವರನ್ನು ಇನ್ನಷ್ಟು ನೋಯಿಸುತ್ತದೆ.

ಚಿತ್ರ ಬರೆದರೆ ಅತ್ಯಾಚಾರ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ಆ ಭರವಸೆ ಕೊಟ್ಟು ಯಾರ ಹತ್ತಿರವೂ ಗೋಡೆ ಕೇಳಬೇಡಿ, ಚಂದಾ ಎತ್ತಬೇಡಿ. ಚಿತ್ರ ಮಾಡುವ ಕೆಲಸ ಬೇರೆ. ಒಂದು ಪ್ರಕರಣ ಸುದ್ದಿಯಾದ ಕೂಡಲೇ ಊರಿನ ಕಣ್ಣೆಲ್ಲ ಹುಡುಗಿಯ ಮೇಲೆ ಹೋಗುತ್ತದೆ: ಆ ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋದಳು, ಏನು ಉಟ್ಟಿದ್ದಳು, ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಿದ್ದಳು. ಒಳ್ಳೆಯ ಚಿತ್ರ ಆ ಕಣ್ಣನ್ನು ಅಲ್ಲಿಂದ ಎತ್ತಿ, ಮಾಡಿದವನ ಮೇಲೆ, ನೋಡುತ್ತ ನಿಂತವರ ಮೇಲೆ, ಕೂಗು ಕೇಳಿಯೂ ಬಾಗಿಲು ಹಾಕಿಕೊಂಡವರ ಮೇಲೆ ಇಡುತ್ತದೆ. ನೀವು ಏನೇ ಮಾಡಿದರೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರ ಮುಂದೆ ನಿಂತವರ ಕಣ್ಣು ಎಲ್ಲಿ ನಿಲ್ಲುತ್ತದೆ? ಅವಳ ಮೈಮೇಲೆ ನಿಲ್ಲುವುದಾದರೆ ಮತ್ತೆ ಮೊದಲಿನಿಂದ ಶುರುಮಾಡಿ.

ಇಂಥ ಚಿತ್ರಗಳನ್ನು ಹಿಂದೆ ಯಾರು ಬರೆದಿದ್ದಾರೆ?

ಮೊದಲು ಹೇಳಬೇಕಾದ ಹೆಸರು ಇಟಲಿಯ ಆರ್ಟೆಮಿಸಿಯಾ ಜೆಂಟಿಲೆಸ್ಕಿ. ಸ್ನಾನ ಮಾಡುತ್ತಿರುವ ಸುಸಾನಾಳನ್ನು ಇಬ್ಬರು ಮುದುಕರು ಇಣುಕಿ ನೋಡುವ ಬೈಬಲ್ ಪ್ರಸಂಗವನ್ನು ಆ ಕಾಲದ ಗಂಡು ಕಲಾವಿದರು ಮತ್ತೆ ಮತ್ತೆ ಬರೆದಿದ್ದರು. ಬಹಳಷ್ಟು ಚಿತ್ರಗಳಲ್ಲಿ ನೋಡುವವನೂ ಆ ಮುದುಕರ ಜೊತೆ ಸೇರಿ ಇಣುಕುತ್ತಾನೆ. 1610ರಲ್ಲಿ, ಇನ್ನೂ ಹದಿನೇಳರ ಹರೆಯದ ಆರ್ಟೆಮಿಸಿಯಾ ಅದೇ ಪ್ರಸಂಗವನ್ನು ಬರೆದಾಗ ಸುಸಾನಾ ಮೈ ತಿರುಚಿ, ಎರಡೂ ಕೈ ಎತ್ತಿ, ಮುಖ ಹಿಂಡಿಕೊಂಡು ಬೇಡ ಎನ್ನುತ್ತಿದ್ದಾಳೆ. ಮುದುಕರು ಕಲ್ಲಿನ ಕಟ್ಟೆಯ ಮೇಲಿಂದ ಅವಳ ಮೇಲೆ ಬಾಗಿ ಬಂದಿದ್ದಾರೆ. ಮರುವರ್ಷ ಆಕೆಯ ಮೇಲೆಯೇ ಅತ್ಯಾಚಾರ ನಡೆಯಿತು. ಮಾಡಿದವನು ಅಗೊಸ್ಟಿನೋ ಟಾಸಿ ಎಂಬ ಕಲಾವಿದ. 1612ರ ವಿಚಾರಣೆಯಲ್ಲಿ, ಆಕೆ ಹೇಳುತ್ತಿರುವುದು ನಿಜವೋ ಎಂದು ಪರೀಕ್ಷಿಸಲು ಬೆರಳುಗಳಿಗೆ ಹಗ್ಗ ಸುತ್ತಿ ಬಿಗಿದರು. ಬಿಗಿದದ್ದು ಆರೋಪಿಯ ಬೆರಳಿಗಲ್ಲ, ದೂರು ಕೊಟ್ಟ ಚಿತ್ರಗಾರ್ತಿಯ ಬೆರಳಿಗೆ.

ಜರ್ಮನಿಯ ಕೇಟೆ ಕೋಲ್ವಿಟ್ಸ್ ರೈತ ಬಂಡಾಯದ ಸರಣಿಗಾಗಿ 1907-08ರಲ್ಲಿ ಮಾಡಿದ ಎಚ್ಚಿಂಗ್ (ಲೋಹದ ತಗಡಿನಿಂದ ಕಾಗದಕ್ಕೆ ಒತ್ತಿದ ಚಿತ್ರ) ನಮ್ಮ ಕಡೆಯ ಹೊಲದಲ್ಲಿ ದುಡಿಯುವ ಹೆಂಗಸರಿಗೆ ಬೇಗ ಮುಟ್ಟುತ್ತದೆ. ತುಳಿದು ಹಾಳಾದ ತೋಟದಲ್ಲಿ ರೈತ ಹೆಣ್ಣುಮಗಳು ಬಿದ್ದಿದ್ದಾಳೆ. ಮಾಡಿದವರು ಹೊರಟುಹೋಗಿದ್ದಾರೆ. ಅವಳ ಮುಖ ಸರಿಯಾಗಿ ಕಾಣುವುದೇ ಇಲ್ಲ, ಎಲೆಗಳ ನಡುವೆ ಕಣ್ಣು ಹುಡುಕಬೇಕು. ಹಾಗೆ ಹುಡುಕುವಾಗ ಬೇಲಿಯ ಮೇಲಿಂದ ನೋಡುತ್ತಿರುವ ಒಂದು ಮಗು ಕಾಣುತ್ತದೆ. ಆ ಮಗುವನ್ನು ಕಂಡವರು ಚಿತ್ರವನ್ನು ಮರೆಯುವುದಿಲ್ಲ.

1977ರ ಮೇ ತಿಂಗಳಲ್ಲಿ ಅಮೆರಿಕದ ಕಲಾವಿದೆ ಸುಝಾನ್ ಲೇಸಿ ಲಾಸ್ ಏಂಜಲಿಸ್ ನಗರದ ದೊಡ್ಡ ನಕ್ಷೆಯನ್ನು ಸಾರ್ವಜನಿಕ ಜಾಗದಲ್ಲಿ ಹಾಕಿದರು. ಹಿಂದಿನ ದಿನ ಪೊಲೀಸರಿಗೆ ಬಂದ ಅತ್ಯಾಚಾರದ ದೂರುಗಳ ಜಾಗದಲ್ಲಿ ದಿನವೂ ಕೆಂಪು ಮುದ್ರೆ ಒತ್ತುತ್ತಿದ್ದರು. ಒಂದೊಂದರ ಸುತ್ತ ಒಂಬತ್ತು ಮಸುಕು ಮುದ್ರೆ. ಅವು ದೂರು ದಾಖಲಾಗದೇ ಉಳಿದ ಪ್ರಕರಣಗಳು. ಪಕ್ಕದ ಇನ್ನೊಂದು ನಕ್ಷೆಯಲ್ಲಿ ಆಸ್ಪತ್ರೆ, ಸಹಾಯವಾಣಿ, ನೆರವು ಕೇಂದ್ರಗಳಿದ್ದವು. ಎರಡನೆಯ ನಕ್ಷೆಯನ್ನು ಮರೆಯಬೇಡಿ. ಗಾಯ ತೋರಿಸಿದ ಮೇಲೆ ದಾರಿಯನ್ನೂ ತೋರಿಸಬೇಕು.

ಭಾರತದಲ್ಲಿ?

ಶೀಬಾ ಛಾಚಿ 1980ರ ದಶಕದಲ್ಲಿ ದೆಹಲಿಯ ವರದಕ್ಷಿಣೆ ವಿರೋಧಿ ಹೋರಾಟದ ಫೋಟೋಗಳನ್ನು ತೆಗೆದರು. ಬೀದಿಯ ಫೋಟೋಗಳಷ್ಟೇ ಸಾಲವು ಎನ್ನಿಸಿ, ನಂತರ ಅದೇ ಹೋರಾಟಗಾರ್ತಿಯರ ಜೊತೆ ಕೂತು ಭಾವಚಿತ್ರ ಮಾಡಿದರು. ಎಲ್ಲಿ ಕೂರಬೇಕು, ಏನು ಉಡಬೇಕು, ಪಕ್ಕದಲ್ಲಿ ಯಾವ ವಸ್ತು ಇರಬೇಕು ಎಂಬುದನ್ನು ಆ ಹೆಂಗಸರೇ ತೀರ್ಮಾನಿಸಿದರು. ನಳಿನಿ ಮಲಾನಿಯವರ 2005ರ ವಿಡಿಯೊ ಕೃತಿ ವಿಭಜನೆಯ ಕಾಲದಲ್ಲಿ ಅಪಹರಣಕ್ಕೊಳಗಾದ ಹೆಂಗಸರ ಮೈಮೇಲೆ ರಾಷ್ಟ್ರಗಳು ಹೇಗೆ ಕಾದಾಡಿದವು ಎಂಬುದರ ಬಗ್ಗೆ ಇದೆ. ಬೆಂಗಳೂರಿನಲ್ಲಿ 2003ರಲ್ಲಿ ಜಾಸ್ಮೀನ್ ಪಥೇಜಾ ಶುರುಮಾಡಿದ ಬ್ಲ್ಯಾಂಕ್ ನಾಯ್ಸ್ ಎಂಬ ಸಮುದಾಯ ಕಲಾ ಯೋಜನೆ, ಕಿರುಕುಳ ಅನುಭವಿಸಿದಾಗ ತೊಟ್ಟಿದ್ದ ಬಟ್ಟೆಗಳನ್ನು ಹೆಂಗಸರಿಂದ ಸಂಗ್ರಹಿಸುತ್ತ ಬಂದಿದೆ. 2012ರ ದೆಹಲಿ ಪ್ರಕರಣದ ನಂತರ 2014ರಲ್ಲಿ ಬಂದ 'ಪ್ರಿಯಾಸ್ ಶಕ್ತಿ' ಎಂಬ ಕಾಮಿಕ್ಸ್‌ನಲ್ಲಿ ನಾಯಕಿಯೇ ಅತ್ಯಾಚಾರದಿಂದ ಬದುಕಿ ಬಂದವಳು. ಹೈಸ್ಕೂಲು ಮಕ್ಕಳ ಜೊತೆ ಮಾತು ಶುರುಮಾಡಲು ಚಿತ್ರಕಥೆಯ ರೂಪ ಒಗ್ಗುತ್ತದೆ.

ಇವೆಲ್ಲ ದೂರದ ಮಾತಾದವು. ನಮ್ಮ ಭಾಗದಾಗ ಇದಕ್ಕ ಬೇರೇನರ ಅದಾವೇನ್ರಿ?

ಅದಾವು. ಮೊದಲನೆಯದು ನಿಮ್ಮೂರ ಹನುಮಪ್ಪನ ಗುಡಿಯ ಪಕ್ಕದಲ್ಲೋ ಕೆರೆ ಏರಿಯ ಮೇಲೋ ಇರುವ ವೀರಗಲ್ಲು. ವೀರಗಲ್ಲಿನ ಶಾಸನಗಳಲ್ಲಿ ತುರುಗೊಳ್ (ದನ ಹಿಡಿದೊಯ್ಯುವುದು), ಊರಳಿವು (ಊರಿನ ನಾಶ) ಎಂಬ ಮಾತುಗಳ ಜೊತೆ ‘ಪೆಣ್ಬುಯ್ಯಲ್’ ಎಂಬ ಮಾತು ಬರುತ್ತದೆ. ಹಾಗೆಂದರೆ ಹೆಣ್ಣಿನ ಮೊರೆ. ಹೆಣ್ಣುಮಕ್ಕಳ ಮೇಲೆ ಕೈಮಾಡಿದಾಗ ಅಡ್ಡ ಹೋಗಿ ಸತ್ತವನಿಗೆ ನಿಲ್ಲಿಸಿದ ಕಲ್ಲು ಅದು. ಕಾದಾಡುವವನು ಅವನು, ಅಪ್ಸರೆಯರ ಜೊತೆ ಮೇಲೇರುವವನು ಅವನು, ಲಿಂಗದ ಮುಂದೆ ಕೂರುವವನೂ ಅವನೇ. ಮೊರೆಯಿಟ್ಟವಳು ಒಂದು ಶಬ್ದವಾಗಿ ಉಳಿದಿದ್ದಾಳೆ. ಕಾಲೇಜಿನ ಕಾರ್ಯಾಗಾರಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು: ವೀರಗಲ್ಲಿನ ಮೂರು ಅಂತಸ್ತನ್ನು ಕಾಗದದ ಮೇಲೆ ಬರೆಯಿಸಿ, ನಾಲ್ಕನೆಯ ಅಂತಸ್ತನ್ನು ಖಾಲಿ ಬಿಡಿ. ಅದರಲ್ಲಿ ಅವಳನ್ನು ಬರೆಯಿರಿ ಎನ್ನಿ. ಆ ದಿನದ ನಂತರ ಅವಳು ಎಲ್ಲಿ ಹೋದಳು, ಯಾರ ಮನೆಯಲ್ಲಿ ಉಂಡಳು ಎಂದು ವಿದ್ಯಾರ್ಥಿಗಳೇ ಯೋಚಿಸಬೇಕಾಗುತ್ತದೆ.

ಎರಡನೆಯದು ತೊಗಲುಗೊಂಬೆ. 2025ರಲ್ಲಿ ಪದ್ಮಶ್ರೀ ಪಡೆದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಕೊಪ್ಪಳ ಜಿಲ್ಲೆಯವರು. ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣನವರು ಹೊಸ ಕಥೆಗಳನ್ನೂ ಗೊಂಬೆಗೆ ತಂದು ತೋರಿಸಿದವರು. ನಮ್ಮ ಗೊಂಬೆಗಳ ಗಾತ್ರ ಪಾತ್ರದ ಅಂತಸ್ತಿನಂತೆ ಬದಲಾಗುತ್ತದೆ. ದೊರೆ, ದೇವರು ದೊಡ್ಡವರು, ಸಾಮಾನ್ಯರು ಸಣ್ಣವರು. ದೌರ್ಜನ್ಯದ ಕಥೆ ಮಾಡಿಸುವಾಗ ಈ ಗಾತ್ರವೇ ನಿಮ್ಮ ಭಾಷೆ. ಅವಳ ಗೊಂಬೆ ಎಷ್ಟಿರಬೇಕು? ಅವನದು? ಕಥೆಯ ಕೊನೆಗೆ ಅವಳದೇ ಇನ್ನೊಂದು ದೊಡ್ಡ ಗೊಂಬೆ ಪರದೆಗೆ ಬರಬೇಕೆ? ಇದನ್ನು ಕಲಾವಿದರ ಜೊತೆ ಕೂತು ಮೊದಲೇ ಮಾತಾಡಿ. ಹೊಸ ಗೊಂಬೆಗೆ ಆಡಿನ ತೊಗಲು ಹದ ಮಾಡುವುದು, ಕೊರೆಯುವುದು, ಬಣ್ಣ ಹಾಕುವುದು ಎಲ್ಲಕ್ಕೂ ಹೊತ್ತು ಬೇಕು. ಹದಿನೈದು ದಿನ ಮುಂಚೆ ಹೋಗಿ ‘ಒಂದು ಶೋ ಮಾಡಿಕೊಡ್ರಿ’ ಎಂದರೆ ಇದ್ದ ಗೊಂಬೆಗೆ ಹೊಸ ಹೆಸರಿಟ್ಟು ಆಡಿಸಬೇಕಾಗುತ್ತದೆ. ತಪ್ಪು ಅವರದಲ್ಲ.

ಮೂರನೆಯದು ದ್ರೌಪದಿಯ ವಸ್ತ್ರಾಪಹರಣ. ದೊಡ್ಡಾಟದಲ್ಲಿ, ಕ್ಯಾಲೆಂಡರಿನಲ್ಲಿ, ಗುಡಿಯ ಗೋಡೆಯಲ್ಲಿ ಎಲ್ಲರೂ ನೋಡಿದ್ದಾರೆ. ಅದನ್ನು ಬರೆಯುವುದಾದರೆ ಸೀರೆಯನ್ನು ಬಿಡಿ, ಸಭೆಯನ್ನು ಬರೆಯಿರಿ. ತಲೆ ತಗ್ಗಿಸಿದ ಭೀಷ್ಮ, ದ್ರೋಣ, ಐವರು ಗಂಡಂದಿರು, ತುಂಬಿದ ಸಭೆಯ ಬಗ್ಗಿದ ಕತ್ತುಗಳು. ನಡುವೆ ಅವಳಿದ್ದ ಜಾಗದಲ್ಲಿ ಬರೀ ಬಟ್ಟೆಯ ಗೆರೆ. ಜನಕ್ಕೆ ತಕ್ಷಣ ತಿಳಿಯುತ್ತದೆ.

ರಕ್ತ, ಹರಿದ ಬಟ್ಟೆ, ಅಳುವ ಮುಖ ಇಲ್ಲದೆ ಅತ್ಯಾಚಾರವನ್ನು ತೋರಿಸುವುದು ಹೇಗೆ?

ಪೋಸ್ಟರ್ ಸ್ಪರ್ಧೆಗೆ ಬರುವ ಚಿತ್ರಗಳಲ್ಲಿ ನಾಲ್ಕೇ ನಾಲ್ಕು ಬಿಂಬಗಳು ಮರಳಿ ಮರಳಿ ಬರುತ್ತವೆ: ಮೊಣಕಾಲಿಗೆ ಮುಖ ಹುದುಗಿಸಿ ಕೂತ ಹುಡುಗಿ, ಬಾಯಿ ಮುಚ್ಚಿದ ದೊಡ್ಡ ಕೈ, ಮುರಿದ ಬಳೆ, ಉದುರಿದ ಹೂವು. ನಾಲ್ಕರಲ್ಲೂ ಕೆಟ್ಟದ್ದು ಅವಳಿಗೆ ಆಯಿತು ಎಂದಷ್ಟೇ ಇದೆ, ಯಾರು ಮಾಡಿದರು ಎಂದಿಲ್ಲ. ಹೂವಿನ ಬಿಂಬವಂತೂ ಅವಳ ಬದುಕೇ ಮುಗಿಯಿತು ಎನ್ನುತ್ತದೆ. ಬದುಕಿ, ಓದಿ, ಮಕ್ಕಳನ್ನು ಸಾಕುತ್ತಿರುವ ಹೆಣ್ಣುಮಗಳು ಅದರ ಮುಂದೆ ನಿಂತರೆ ಏನೆಂದುಕೊಳ್ಳಬೇಕು?

ಬದಲಿಗೆ ಜಾಗವನ್ನು ಬರೆಯಿರಿ. ಹತ್ತಿ ಬಿಡಿಸುವ ಹೊಲದ ಬದು, ದೀಪವಿಲ್ಲದ ಬಯಲು ಶೌಚದ ದಾರಿ, ಇಟ್ಟಿಗೆ ಭಟ್ಟಿಯ ಹಿಂದಿನ ಗುಡಿಸಲು, ಸಂಬಂಧಿಕರ ಮನೆಯ ಒಳಕೋಣೆ. ಹೆಚ್ಚಿನ ಸಲ ಮಾಡಿದವನು ಪರಿಚಿತನೇ, ಹಾಗಾಗಿ ಕತ್ತಲೆಯ ರಾಕ್ಷಸನನ್ನು ಬರೆದರೆ ಅದು ಸುಳ್ಳಾಗುತ್ತದೆ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಮದುವೆಯಲ್ಲಿ ಊಟ ಬಡಿಸುವ ಕೈ ಬರೆಯಿರಿ. ವಸ್ತುವನ್ನು ಬರೆಯಬಹುದು: ಒಳಗಿಂದ ಚಿಲಕವಿಲ್ಲದ ಬಾಗಿಲು, ಇಪ್ಪತ್ತು ಸಲ ಬಂದ ಮಿಸ್ಡ್ ಕಾಲ್. ಸಂಖ್ಯೆಯೂ ಚಿತ್ರವಾಗುತ್ತದೆ. ಮೆಕ್ಸಿಕೋದ ಎಲಿನಾ ಶೊವೆ 2009ರಲ್ಲಿ ಸಿಯುದಾದ್ ಹುವಾರೆಸ್ ನಗರದಲ್ಲಿ, ಕೊಲೆಯಾದ, ಕಾಣೆಯಾದ ಹೆಂಗಸರ ಹೆಸರಿನಲ್ಲಿ 33 ಜೊತೆ ಕೆಂಪು ಚಪ್ಪಲಿ-ಶೂಗಳನ್ನು ರಸ್ತೆಯಲ್ಲಿಟ್ಟರು. ಒಂದು ಹನಿ ರಕ್ತವಿಲ್ಲ, ಆದರೂ ಅಲ್ಲಿ ಇಲ್ಲದ ಹೆಂಗಸರೇ ಕಾಣುತ್ತಾರೆ.

ರಕ್ತ ತೋರಿಸಲೇಬಾರದು ಎಂಬ ನಿಯಮವಿಲ್ಲ. 1973ರಲ್ಲಿ ಕಲಾವಿದೆ ಆನಾ ಮೆಂಡಿಯೆಟಾ ತನ್ನ ಸ್ವಂತ ಮೈಯನ್ನೇ ರಕ್ತಸಿಕ್ತವಾಗಿ ತೋರಿಸಿದರು. ಅದು ಆಕೆಯ ಮೈ, ಆಕೆಯ ತೀರ್ಮಾನ, ಆಕೆಯೇ ಕರೆಸಿಕೊಂಡ ಕೆಲವೇ ನೋಟಕರು. ಬಸ್‌ಸ್ಟ್ಯಾಂಡಿನ ಗೋಡೆಗೆ ಆ ರಿಯಾಯಿತಿ ಇಲ್ಲ. ಅಲ್ಲಿ ನೋಡಬೇಡ ಎಂದುಕೊಂಡವರಿಗೂ ಕಾಣುತ್ತದೆ.

‘ಆಕೆ ಏನು ತೊಟ್ಟಿದ್ದಳು’ ಬಗೆಯ ಬಟ್ಟೆ ಪ್ರದರ್ಶನ ಮಾಡಬೇಕು. ಹೇಗೆ?

ಈ ಬಗೆಯ ಪ್ರದರ್ಶನ ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾಲಯದಲ್ಲಿ ಶುರುವಾಗಿ ಬೇರೆ ಬೇರೆ ದೇಶಗಳಿಗೆ ಹಬ್ಬಿತು. ನಮ್ಮಲ್ಲಿ ಮಾಡಲು ಒಂದು ಸಾಮಾನ್ಯ ಕೋಣೆ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಘಟನೆಯ ದಿನ ತೊಟ್ಟ ಅಸಲಿ ಬಟ್ಟೆಯನ್ನು ಕೇಳಬೇಡಿ. ಅದು ಸಾಕ್ಷ್ಯ. ಒಗೆಯದೆ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟದೆ (ತೇವ ಉಳಿದು ಬೂಸ್ಟು ಹಿಡಿಯುತ್ತದೆ), ಕಾಗದದ ಚೀಲದಲ್ಲಿಟ್ಟು ಪೊಲೀಸರಿಗೆ ಕೊಡಬೇಕಾದದ್ದು. ಪ್ರದರ್ಶನಕ್ಕೆ ಅವರು ಹೇಳಿದ ವರ್ಣನೆಗೆ ಹೊಂದುವ ಬೇರೆ ಬಟ್ಟೆ ತನ್ನಿ.

12ರಿಂದ 18 ಬಟ್ಟೆ ಸಾಕು. ಇಪ್ಪತ್ತು ದಾಟಿದರೆ ಜನ ಓದುವುದನ್ನು ಬಿಟ್ಟು ಬರೀ ದಾಟಿ ಹೋಗುತ್ತಾರೆ. ಶಾಲೆಯ ಸಮವಸ್ತ್ರ, ನೈಟಿ, ಬುರ್ಖಾ, ಹಳೆ ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ (ನಮ್ಮ ಹೊಲಗಳಲ್ಲಿ ಕೆಲಸಕ್ಕೆ ಹೋಗುವವರ ಉಡುಪು ಇದೇ), ಲಂಬಾಣಿ ಕಾಂಚಳಿ, ಮಗುವಿನ ಫ್ರಾಕು ಎಲ್ಲವೂ ಇರಲಿ. ಯಾವ ಬಟ್ಟೆಯೂ ಕಾರಣವಲ್ಲ ಎಂದು ತೋರಿಸುವುದೇ ಉದ್ದೇಶವಾದ್ದರಿಂದ ಬಗೆ ಹೆಚ್ಚಿದ್ದಷ್ಟೂ ಒಳ್ಳೆಯದು. ಆದರೆ ಜೀನ್ಸ್, ಟೀ ಶರ್ಟ್‌ಗಳನ್ನು ಬಿಡಬೇಡಿ. ಬರೀ ಸೀರೆ ಇಟ್ಟರೆ ‘ಮೈತುಂಬ ಉಟ್ಟವಳ ಮೇಲೆ ಆದದ್ದು ಅನ್ಯಾಯ’ ಎಂಬ ಅರ್ಥ ಬರುತ್ತದೆ, ಉಳಿದವರದು ನ್ಯಾಯವಾಗಿಬಿಡುತ್ತದೆ.

ಬೊಂಬೆಗೆ ತೊಡಿಸಬೇಡಿ, ಹ್ಯಾಂಗರಿಗೆ ಹಾಕಿ. ಬೊಂಬೆ ಇದ್ದರೆ ಕಣ್ಣು ಮತ್ತೆ ಮೈಗೆ ಹೋಗುತ್ತದೆ. ಭುಜದ ಗೆರೆ ದೊಡ್ಡವರ ಬಟ್ಟೆಗೆ ನೆಲದಿಂದ ನಾಲ್ಕೂವರೆ ಅಡಿ, ಚಿಕ್ಕ ಮಗುವಿನದಕ್ಕೆ ಎರಡೂವರೆಯಿಂದ ಮೂರು ಅಡಿ. ಎರಡು ಬಟ್ಟೆಗಳ ನಡುವೆ ಎರಡೂವರೆ ಅಡಿ ಬಿಡಿ. ಕೆಂಪು ಬಣ್ಣ ಚೆಲ್ಲುವುದು, ಹರಿಯುವುದು ಬೇಡ. ಪಕ್ಕದ ಕಾರ್ಡು ಎ5 ಅಳತೆ, 40ರಿಂದ 60 ಪದ, ಅಕ್ಷರ 24 ಪಾಯಿಂಟಿಗಿಂತ ಚಿಕ್ಕದಾಗದಿರಲಿ. ಊರು, ಜಾತಿ, ಶಾಲೆಯ ಹೆಸರು, ತಿಂಗಳು ಯಾವುದೂ ಬೇಡ. ಸಣ್ಣ ಊರಿನಲ್ಲಿ ‘ಎಂಟನೇ ತರಗತಿ, ಹಾಸ್ಟೆಲ್, ದಸರಾ ರಜೆ’ ಎಂಬ ಮೂರು ಮಾತು ಸೇರಿದರೆ ಹುಡುಗಿ ಯಾರೆಂದು ಗೊತ್ತಾಗುತ್ತದೆ.

ಹೊರದೇಶಗಳಲ್ಲಿ ಅಂಗಿಗಳನ್ನು ಹಗ್ಗಕ್ಕೆ ಹಾಕುವ ಇನ್ನೊಂದು ಪದ್ಧತಿ ಇದೆ. 1990ರಲ್ಲಿ ಅಮೆರಿಕದ ಕೇಪ್ ಕಾಡ್‌ನಲ್ಲಿ 31 ಅಂಗಿಗಳಿಂದ ಶುರುವಾದದ್ದು. ಅದರಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಬಗೆಯ ದೌರ್ಜನ್ಯ ಎಂಬ ಲೆಕ್ಕವಿದೆ. ಆ ಬಣ್ಣಗಳನ್ನು ಹಾಗೆಯೇ ತರಬೇಡಿ. ಬಿಳಿ, ಹಸಿರು, ಕೆಂಪಿಗೆ ನಮ್ಮಲ್ಲಿ ಬೇರೆಯೇ ಅರ್ಥಗಳಿವೆ.

ನಾವು ಸ್ವಸಹಾಯ ಸಂಘದವರು. ಚಿತ್ರ ಬರಿಯಾಕ ಬರಂಗಿಲ್ರಿ. ನಾವೇನು ಮಾಡಬೋದು?

ಕೌದಿ ಹೊಲಿಯಿರಿ. ಚಿತ್ರಕಲಾ ಪದವಿ ಇದ್ದವರಿಗೆ ಬರದ ಕೆಲಸ ನಿಮಗೆ ಬರುತ್ತದೆ. ಚಿಲಿ ದೇಶದಲ್ಲಿ 1973ರ ಸೇನಾ ದಂಗೆಯ ನಂತರ ಕಾಣೆಯಾದವರ ತಾಯಂದಿರು, ಹೆಂಡಂದಿರು ಗೋಣಿತಟ್ಟಿನ ಮೇಲೆ ಹಳೆ ಬಟ್ಟೆ ತುಂಡು ಹೊಲಿದು ತಮ್ಮ ಕಥೆ ಹೇಳಿದರು. ಅಮೆರಿಕದಲ್ಲಿ ದೌರ್ಜನ್ಯ ದಾಟಿ ಬಂದವರು ಕೆಂಪು ಬಟ್ಟೆಯ ಚೌಕಗಳಲ್ಲಿ ಬರೆದು ಹೊಲಿದ ಕೌದಿಯನ್ನು 2019ರಲ್ಲಿ ರಾಜಧಾನಿಯ ಮೈದಾನದಲ್ಲಿ ಹಾಸಿದರು. ಸುಮಾರು ಮೂರು ಸಾವಿರ ಕಥೆಗಳು ಅದರಲ್ಲಿದ್ದವು.

ಆರಡಿ ಅಗಲ, ಎಂಟಡಿ ಉದ್ದದ ಕೌದಿಗೆ ಒಂದಡಿಯ 48 ಚೌಕ ಬೇಕು. 24 ಮಂದಿ ಇದ್ದರೆ ಒಬ್ಬರಿಗೆ ಎರಡು. ಚೌಕವನ್ನು 13 ಇಂಚಿಗೆ ಕತ್ತರಿಸಿ, ಸುತ್ತಲೂ ಅರ್ಧ ಇಂಚು ಹೊಲಿಗೆಗೆ ಹೋಗುತ್ತದೆ. ಎಲ್ಲ ಹೊಸ ಬಟ್ಟೆಯೇ ಆದರೆ 44 ಇಂಚು ಪನ್ನದ್ದು ಐದೂವರೆಯಿಂದ ಆರು ಮೀಟರ್. ಕೆಳಭಾಗಕ್ಕೆ ಐದೂವರೆ ಮೀಟರಿನ ಒಂದು ನೂಲಿನ ಸೀರೆಯನ್ನು ಅಡ್ಡಲಾಗಿ ನಡುವೆ ಕತ್ತರಿಸಿ ಎರಡನ್ನೂ ಅಕ್ಕಪಕ್ಕ ಜೋಡಿಸಿದರೆ ಸರಿಹೋಗುತ್ತದೆ. ಒಳಗೆ ಅಂಥವೇ ಎರಡು ಪದರ. ಒಟ್ಟು ಮೂರು ಹಳೆ ಸೀರೆ. ಎರಡೆರಡು ತಾಸಿನ ಐದು ಬೈಠಕ್ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಬಟ್ಟೆ ಆರಿಸುವುದು ಮತ್ತು ಮಾತು ಅಷ್ಟೇ. ಸೂಜಿ 40 ಇರಲಿ, ಮುರಿಯುತ್ತವೆ.

ಕೆಡುವುದು ಎಲ್ಲಿ ಎಂದು ಮೊದಲೇ ತಿಳಿದಿರಲಿ. ಹೊಸ ಕೆಂಪು ಬಟ್ಟೆ ಬಣ್ಣ ಬಿಡುತ್ತದೆ, ನೀರು ತಿಳಿಯಾಗುವವರೆಗೆ ಬೇರೆ ಒಗೆಯಿರಿ. ಸಿಂಥೆಟಿಕ್ ಸೀರೆ ಜಾರುತ್ತದೆ, ಹೊಲಿಗೆ ಸುಕ್ಕಾಗುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಕಾರ್ಖಾನೆಗಳ ತುಂಡು ಸುಲಭವಾಗಿ ಸಿಗುತ್ತವೆಂದು ಒಳಪದರಕ್ಕೆ ಹಾಕಬೇಡಿ. ಕೈಸೂಜಿ ಇಳಿಯುವುದಿಲ್ಲ, ಕೌದಿ ಹಗ್ಗದ ಮೇಲೆ ತನ್ನ ಭಾರಕ್ಕೇ ಜೋತು ಬೀಳುತ್ತದೆ. ಸುತ್ತ ಅಂಚಿಗೆ ಮಾತ್ರ ಚೆನ್ನ. ಪದರಗಳನ್ನು ಜೋಡಿಸಿದ ಮೇಲೆ ನಡುವಿನಿಂದ ಅಂಚಿಗೆ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಇಂಚಿಗೊಂದರಂತೆ ಸಾಲು ಹೊಲಿಗೆ. ಅವಸರಕ್ಕೆ ಕಚ್ಚಾ ಹೊಲಿಗೆ ಬಿಟ್ಟರೆ ನಡುವೆ ಗಂಟು ಗಂಟಾಗುತ್ತದೆ.

ಅಕ್ಷರವನ್ನು ಮಾರ್ಕರಿನಲ್ಲಿ ಬರೆದರೆ ಮೊದಲ ಒಗೆತಕ್ಕೆ ಹರಡುತ್ತದೆ. ಸರಪಳಿ ಹೊಲಿಗೆಯಲ್ಲಿ ತೆಗೆಯಿರಿ. ಒಂದಿಂಚು ಎತ್ತರದ ಅಕ್ಷರಕ್ಕೆ ಕೆಳಗೆ ಇನ್ನೊಂದು ಇಂಚು ಬಿಡಬೇಕು, ಇಲ್ಲವಾದರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಒಂದು ಚೌಕದಲ್ಲಿ ನಾಲ್ಕೈದು ಪದ ಹಿಡಿಯುತ್ತದೆ. ಬರೆಯಲು ಬಾರದವರು, ಬರೆಯಲು ಇಷ್ಟವಿಲ್ಲದವರು ಬರೀ ಬಟ್ಟೆ ತುಂಡು ಹೊಲಿಯಲಿ. ಆ ತುಂಡು ಯಾವುದರದ್ದು ಎಂದು ಕೇಳಬೇಡಿ. ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ.

ಗೋಡೆ ಚಿತ್ರಕ್ಕೆ ಯಾರ ಅನುಮತಿ ಬೇಕು? ಎಷ್ಟು ಬಣ್ಣ?

ಗೋಡೆಯ ಒಡೆಯರ ಲಿಖಿತ ಒಪ್ಪಿಗೆ ಮತ್ತು ಸ್ಥಳೀಯ ನಗರಾಡಳಿತದ ಅನುಮತಿ, ಎರಡೂ ಬೇಕು. ಸಾರ್ವಜನಿಕ ಸ್ಥಳ ವಿರೂಪಗೊಳಿಸುವುದನ್ನು ತಡೆಯುವ 1981ರ ರಾಜ್ಯ ಕಾಯ್ದೆ ಇದೆ. ಹಳ್ಳಿಯಲ್ಲಿ ಪಂಚಾಯಿತಿ, ಬಸ್‌ಸ್ಟ್ಯಾಂಡಿಗೆ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ವಿಭಾಗೀಯ ಕಚೇರಿ. ಅರ್ಜಿಯ ಜೊತೆ ಬಣ್ಣ ಹಾಕಿದ ಸ್ಕೆಚ್ ಕೊಡಿ, ಅದರ ಮೇಲೆಯೇ ಸಹಿ ಮತ್ತು ಸೀಲು ಹಾಕಿಸಿಕೊಳ್ಳಿ. ಬರೀ ಬಾಯಿಮಾತಿನ ಒಪ್ಪಿಗೆ ನಂಬಿ ಬರೆದ ಚಿತ್ರಕ್ಕೆ ಅಧಿಕಾರಿ ವರ್ಗವಾದ ಮರುವಾರ ಸುಣ್ಣ ಬೀಳುತ್ತದೆ.

20 ಅಡಿ ಉದ್ದ, 8 ಅಡಿ ಎತ್ತರದ ಗೋಡೆ ಎಂದರೆ 160 ಚದರ ಅಡಿ. ಹೊರಗೋಡೆಯ ಪ್ರೈಮರ್ 2 ಲೀಟರ್, ತಳಕ್ಕೆ ಹೊರಾಂಗಣ ಎಮಲ್ಷನ್ ಎರಡು ಕೋಟ್‌ಗೆ 3ರಿಂದ 4 ಲೀಟರ್, ಮುಖ್ಯ ಬಣ್ಣ ಮೂರು ಒಂದೊಂದು ಲೀಟರ್, ಉಳಿದ ಛಾಯೆಗಳಿಗೆ ಸ್ಟೇನರ್ ಬಾಟಲಿ. ಹೊಸ ಗಿಲಾಯಿಗೆ 28 ದಿನ ಕಾಯಿರಿ. ಹಳೆಯ ಸುಣ್ಣವನ್ನು ಕೆರೆದು ತೆಗೆಯದಿದ್ದರೆ ಬಣ್ಣ ಸುಣ್ಣದ ಸಮೇತ ಹಪ್ಪಳದಂತೆ ಏಳುತ್ತದೆ. ಎರೆ ನೆಲದ ಮೇಲಿನ ಕಂಪೌಂಡು ಗೋಡೆ ಬೇಸಿಗೆಯಲ್ಲಿ ಬಿರಿಯುತ್ತದೆ. ಬಿರುಕು ಮುಖದ ಮೇಲೆ ಬರದಂತೆ ಮೊದಲೇ ನೋಡಿ ಜಾಗ ಆರಿಸಿ. ಬುಡದಲ್ಲಿ ತೇವಕ್ಕೆ ಉಪ್ಪು ಉಬ್ಬುವ ಒಂದೂವರೆ ಅಡಿಯನ್ನು ಗಾಢ ಬಣ್ಣದ ಪಟ್ಟಿಯಾಗಿ ಬಿಡಿ.

ಅದಿರಿನ ಲಾರಿ ಓಡುವ ರಸ್ತೆಯಲ್ಲಿ ಬಿಳಿ ತಳ ಬೇಡ. ಸಂಡೂರು ಕಡೆಯ ಕೆಂಧೂಳು ಕೂತು ವರ್ಷದೊಳಗೆ ಇಡೀ ಚಿತ್ರ ಕಾವಿ ಬಣ್ಣಕ್ಕೆ ತಿರುಗುತ್ತದೆ. ಹಳದಿ ಮಿಶ್ರಿತ ಬೂದಿ, ಕಡು ನೀಲಿ, ಇಟ್ಟಿಗೆ ಕೆಂಪು ತಡೆಯುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಗೋಡೆ ಮುಟ್ಟಲಾಗದಷ್ಟು ಕಾದಿರುತ್ತದೆ, ಬ್ರಷ್ ಎಳೆಯುವ ಮೊದಲೇ ಬಣ್ಣ ಒಣಗಿ ಪಟ್ಟೆ ಬೀಳುತ್ತದೆ. ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಕೆಲಸ ಮಾಡಿ. ನವೆಂಬರಿನಿಂದ ಜನವರಿ ಒಳ್ಳೆಯ ಕಾಲ.

ಮಹಿಳಾ ಸಹಾಯವಾಣಿಯ 181 ಎಂಬ ಅಂಕಿಯನ್ನು ಚಿತ್ರದ ಭಾಗವಾಗಿಯೇ ಬರೆಯಿರಿ. 30 ಅಡಿ ದೂರದಿಂದ ಓದಲು ನಾಲ್ಕು ಇಂಚಾದರೂ ಎತ್ತರ ಬೇಕು. ಮೂಲೆಯಲ್ಲಿ ಪ್ರಾಯೋಜಕರ ಹೆಸರಿಗಿಂತ ಚಿಕ್ಕದಾಗಿ ಬರೆಯುವುದು ತಪ್ಪು.

ಪ್ರದರ್ಶನದ ಜಾಗ ಹೇಗಿರಬೇಕು?

ಜಾತ್ರೆಯ ನೂಕುನುಗ್ಗಲಿನಲ್ಲಿ ಬೇಡ. ಬಳ್ಳಾರಿಯ ರಾಘವ ಕಲಾಮಂದಿರ, ಕೊಪ್ಪಳದ ಸಾಹಿತ್ಯ ಭವನದಂಥ ಊರಿಗೆ ಪರಿಚಿತ ಜಾಗವಾದರೆ ಹೆಂಗಸರು ಮನೆಯಲ್ಲಿ ಹೇಳಿ ಬರಲು ಸುಲಭ. ಬಾಗಿಲಲ್ಲಿ, ಒಳಗೆ ಏನಿದೆ ಎಂದು ಎರಡು ಸಾಲಿನ ಫಲಕ ಇರಲಿ. ಒಳಬರುವ ಬಾಗಿಲು, ಹೊರಹೋಗುವ ಬಾಗಿಲು ಬೇರೆ ಬೇರೆ ಇರಲಿ. ಅರ್ಧದಲ್ಲಿ ಉಸಿರುಗಟ್ಟಿದವರು ಎಲ್ಲರ ಎದುರು ಹಿಂದಕ್ಕೆ ಬರಬೇಕಾದರೆ ಅದೇ ಒಂದು ಶಿಕ್ಷೆ. ನಡುವೆ ಒಂದು ಕಡೆ ಅಡ್ಡದಾರಿ ಬಿಡಿ. ಪಕ್ಕದ ಕೋಣೆಯಲ್ಲಿ ಚಾಪೆ, ನೀರು, ಕೇಳಿಸಿಕೊಳ್ಳಲು ತರಬೇತಿ ಇರುವ ಇಬ್ಬರು ಹೆಂಗಸರು. ಬೆಳಿಗ್ಗೆ 10ರಿಂದ 1ರವರೆಗೆ ಹೆಂಗಸರಿಗೆ ಮಾತ್ರ ಎಂದಿಟ್ಟರೆ ಹೆಚ್ಚು ಜನ ಬರುತ್ತಾರೆ.

ನಿಜವಾದ ಪ್ರಕರಣದ ಹುಡುಗಿಯ ಮುಖ, ಹೆಸರು ಬಳಸಬಹುದೇ? ಗೌರವಕ್ಕಾಗಿಯೇ ಅಲ್ಲವೇ?

ಬೇಡ. ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಲೈಂಗಿಕ ಅಪರಾಧಕ್ಕೆ ಒಳಗಾದವರ ಗುರುತು ತಿಳಿಯುವಂಥ ಏನನ್ನೂ ಪ್ರಕಟಿಸುವಂತಿಲ್ಲ. ಎರಡು ವರ್ಷದವರೆಗೆ ಜೈಲು, ದಂಡ. ತೀರಿಕೊಂಡವರಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ವಯಸ್ಕ ಹೆಣ್ಣುಮಗಳು ತಾನೇ ಬರೆದುಕೊಟ್ಟರೆ ಮಾತ್ರ ಬೇರೆ ಮಾತು. ಆಗಲೂ, ಪ್ರದರ್ಶನದ ಹಿಂದಿನ ದಿನ ಅವರು ಬೇಡ ಎಂದರೆ ಮರುಮಾತಿಲ್ಲದೆ ತೆಗೆಯಬೇಕು. ಆರೋಪಿಯ ಮುಖ, ಹೆಸರು ಬರೆಯುವುದೂ ಬೇಡ. ಮಾನನಷ್ಟದ ತೊಡಕಿಗಿಂತ ದೊಡ್ಡದು, ಅದರಿಂದ ಹುಡುಗಿಯ ಗುರುತೂ ಹೊರಬೀಳುತ್ತದೆ. ಕೋರ್ಟಿನಲ್ಲಿ ನಡೆಯುತ್ತಿರುವ ವಿಚಾರಣೆಯ ವಿವರವನ್ನು ಅನುಮತಿಯಿಲ್ಲದೆ ಪ್ರಕಟಿಸುವುದಕ್ಕೆ 73ನೇ ಸೆಕ್ಷನ್ ಇದೆ.

ಕಾರ್ಯಾಗಾರದಲ್ಲಿ ಯಾರಾದರೂ ‘ನನಗೂ ಹೀಗಾಗಿದೆ’ ಎಂದರೆ?

ಹೇಳಿಯೇ ಹೇಳುತ್ತಾರೆ, ಸಿದ್ಧರಿರಿ. ಬ್ರಷ್ ಕೆಳಗಿಡಿ, ಕೇಳಿಸಿಕೊಳ್ಳಿ. ‘ನೀನು ಹೇಳಿದ್ದನ್ನ ನಾನು ನಂಬ್ತೀನಿ, ತಪ್ಪು ನಿಂದಲ್ಲ’ ಎಂಬ ಎರಡು ಮಾತು ಸಾಕು. ಯಾಕೆ, ಯಾವಾಗ, ಯಾರು ಎಂದು ಕೆದಕಬೇಡಿ. ಆ ವಿಷಯವನ್ನೇ ಬರೆ ಎಂದು ಒತ್ತಾಯಿಸಬೇಡಿ. ಚಿತ್ರ ಬರೆಯಿಸುವುದು ಚಿಕಿತ್ಸೆಯಲ್ಲ, ಆ ಹೆಸರನ್ನು ನಿಮ್ಮ ಕಾರ್ಯಾಗಾರಕ್ಕೆ ಇಡಬೇಡಿ.

ಹದಿನೆಂಟು ತುಂಬದವರು ಹೇಳಿದರೆ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಕಾರ್ಯಾಗಾರದ ಶುರುವಿನಲ್ಲೇ ಮಕ್ಕಳಿಗೆ ಅವರ ಮಾತಿನಲ್ಲಿ ಹೇಳಿ. ಮಕ್ಕಳ ಸಹಾಯವಾಣಿ 1098. ವಯಸ್ಕರಾದರೆ ದೂರು ಕೊಡುವುದು ಬಿಡುವುದು ಅವರ ತೀರ್ಮಾನ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಉಚಿತ ಕಾನೂನು ನೆರವಿಗೆ 15100, ನೊಂದವರಿಗೆ ಎಲ್ಲ ನೆರವೂ ಒಂದೇ ಕಡೆ ಸಿಗುವ ಜಿಲ್ಲಾ ಕೇಂದ್ರದ ಸಖಿ ಒನ್ ಸ್ಟಾಪ್ ಸೆಂಟರ್.

ಘಟನೆ ಇತ್ತೀಚಿನದಾದರೆ 72 ತಾಸಿನ ಲೆಕ್ಕ ನೆನಪಿಡಿ. ಎಚ್‌ಐವಿ ತಡೆಯುವ ಔಷಧಿ ಅಷ್ಟರೊಳಗೆ ಶುರುವಾಗಬೇಕು. ಗರ್ಭ ತಡೆಯುವ ಗುಳಿಗೆಯೂ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಸರ್ಕಾರಿ ಆಗಲಿ ಖಾಸಗಿ ಆಗಲಿ, ಯಾವ ಆಸ್ಪತ್ರೆಯೂ ಉಚಿತ ಚಿಕಿತ್ಸೆ ನಿರಾಕರಿಸುವಂತಿಲ್ಲ. ಎಫ್‌ಐಆರ್ ತಂದರಷ್ಟೇ ನೋಡುತ್ತೇವೆ ಎನ್ನುವಂತಿಲ್ಲ.

ಮಾಜಿ ದೇವದಾಸಿ ಮಹಿಳೆಯರ ಬಗ್ಗೆ ಫೋಟೋ ಸರಣಿ ಮಾಡಬೇಕೆಂದಿದ್ದೇವೆ. ಏನು ಎಚ್ಚರ ವಹಿಸಬೇಕು?

ಮುತ್ತಿನ ಸರ, ಹಡಲಿಗೆ, ಭಂಡಾರ ಬಳಿದ ಹಣೆಯ ಕ್ಲೋಸ್‌ಅಪ್ ತೆಗೆಯಲು ಹೊರಟಿದ್ದರೆ ಬಿಟ್ಟುಬಿಡಿ. ಆ ಫೋಟೋ ಆಗಲೇ ಸಾವಿರ ಸಲ ಬಂದಿದೆ, ಅದರಿಂದ ಯಾರಿಗೂ ಪಿಂಚಣಿ ಹೆಚ್ಚಾಗಿಲ್ಲ. ಮುತ್ತು ಕಟ್ಟುವುದನ್ನು (ದೇವದಾಸಿಯಾಗಿ ಬಿಡುವುದನ್ನು) ರಾಜ್ಯ 1982ರ ಕಾಯ್ದೆಯಿಂದಲೇ ನಿಷೇಧಿಸಿದೆ. ಆ ಅವ್ವಂದಿರಲ್ಲಿ ಹೋರಾಟ ಕಟ್ಟಿದವರು, ಮಕ್ಕಳನ್ನು ಓದಿಸಿದವರು ಇದ್ದಾರೆ. ಹೇಗೆ ಕಾಣಿಸಿಕೊಳ್ಳಬೇಕು ಎಂಬುದನ್ನು ಛಾಚಿಯವರು ಮಾಡಿದಂತೆ ಅವರಿಗೇ ಬಿಡಿ. ಅವರ ದಿನದ ಕೂಲಿಗೆ ಕಡಿಮೆಯಿಲ್ಲದ ಹಣ ಕೊಡಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿ, ಯಾವ ಊರಿನಲ್ಲಿ ತೋರಿಸುತ್ತೀರಿ ಎಂಬುದನ್ನೂ ಬರೆಯಿರಿ. ಬೆಂಗಳೂರಿನಲ್ಲಿ ತೋರಿಸಲು ಒಪ್ಪಿದವರು ಮಗಳ ಗಂಡನ ಊರಿನಲ್ಲಿ ತೋರಿಸಲು ಒಪ್ಪಿರುವುದಿಲ್ಲ.

ನಮ್ಮೂರಾಗ ಇದನ್ನೆಲ್ಲ ತೋರ್ಸಿದ್ರ ಜನ ಸುಮ್ನಿರ್ತಾರೇನು? ಅಶ್ಲೀಲ ಅಂದ್ರ?

ಅಶ್ಲೀಲತೆಯ ಕಾನೂನಿನಲ್ಲಿ ಕಲೆ, ಸಾಹಿತ್ಯ, ವಿಜ್ಞಾನ, ಕಲಿಕೆಗಾಗಿ ಸಾರ್ವಜನಿಕ ಹಿತದ ವಿನಾಯಿತಿ ಇದೆ. ಆದರೆ ಗಲಾಟೆಯ ಹೊತ್ತಿನಲ್ಲಿ ಸೆಕ್ಷನ್ ಓದಿ ಹೇಳಿದರೆ ಕೇಳುವವರಿಲ್ಲ. ಉದ್ಘಾಟನೆಗೆ ಒಂದು ವಾರ ಮೊದಲು ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರುಗಳು, ಊರ ಹಿರಿಯರನ್ನು ಕರೆದು ಪೂರ್ತಿ ತೋರಿಸಿ. ಮೈ ಇಲ್ಲದ, ಸಭೆ ಇರುವ ಚಿತ್ರಗಳಿಗೆ ಅಶ್ಲೀಲ ಎಂಬ ಮಾತು ಬರುವುದು ಕಡಿಮೆ. ಬರುವ ಆಕ್ಷೇಪ ಬೇರೆ: ‘ಊರ ಮರ್ಯಾದೆ ಹೋಗುತ್ತದೆ.’ ಮರ್ಯಾದೆ ತೆಗೆದವನು ಮಾಡಿದವನು, ಬರೆದವರಲ್ಲ ಎಂದು ನೆಟ್ಟಗೆ ಹೇಳಿ.

ನೋಡಲು ಬಂದವರು ಫೋಟೋ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುತ್ತಾರೆ. ತಡೆಯುವುದು ಹೇಗೆ?

ಕಥೆಯ ಕಾರ್ಡು ಮತ್ತು ನೋಡುಗರ ಮುಖ ತೆಗೆಯುವಂತಿಲ್ಲ ಎಂದು ಬಾಗಿಲಲ್ಲೇ ಹೇಳಿ. ಬದಲಿಗೆ ಹೊರಗಡೆ ಫೋಟೋ ತೆಗೆಯಲಿಕ್ಕೆಂದೇ ಒಂದು ಫಲಕ ನಿಲ್ಲಿಸಿ, ಅದರಲ್ಲಿ 181 ದೊಡ್ಡದಾಗಿರಲಿ. ಹಂಚುವುದಾದರೆ ಅದನ್ನೇ ಹಂಚಲಿ.

ಮುಗಿದ ಮೇಲೆ ಕೃತಿಗಳನ್ನು ಏನು ಮಾಡಬೇಕು?

ಇದನ್ನು ಮೊದಲ ಬೈಠಕ್‌ನಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಕಥೆಯ ಕಾರ್ಡುಗಳನ್ನು ಹೇಳಿದವರಿಗೆ ಮರಳಿಸಿ, ಬೇಡವೆಂದರೆ ಅವರ ಎದುರಿಗೇ ಸುಟ್ಟುಬಿಡಿ. ಬಟ್ಟೆಗಳನ್ನು ಇನ್ನೊಂದು ಕಾಲೇಜಿಗೆ ಕೊಡುವ ಮುನ್ನ ಮತ್ತೊಮ್ಮೆ ಒಪ್ಪಿಗೆ ಕೇಳಿ. ಗೋಡೆ ಚಿತ್ರ ಮೂರು ವರ್ಷಕ್ಕೆ ಮಾಸುತ್ತದೆ, ಮಾಸಿ ಹರಿದಂತೆ ಕಾಣುವ ಮೊದಲು ನೀವೇ ಅಳಿಸಿ ಹೊಸದು ಬರೆಯಿರಿ. ಕೌದಿಯನ್ನು ತಣ್ಣೀರಿನಲ್ಲಿ ನೆನೆಸಿ, ಹಿಂಡದೆ, ಹಗ್ಗಕ್ಕೆ ಜೋತು ಹಾಕದೆ ಕಟ್ಟೆಯ ಮೇಲೆ ಹರವಿ ಒಣಗಿಸಿ, ಬೇವಿನ ಸೊಪ್ಪು ಇಟ್ಟು ಮಡಚಿಡಿ. ಅದು ಕಚೇರಿಯ ಗಾಜಿನ ಪೆಟ್ಟಿಗೆಗೆ ಹೋಗಬೇಕೋ, ಹೊಲಿದವರ ಮನೆಗಳಲ್ಲಿ ತಿಂಗಳಿಗೊಬ್ಬರಂತೆ ಇರಬೇಕೋ ಎಂದು ಹೊಲಿದವರೇ ತೀರ್ಮಾನಿಸಲಿ. ಚಳಿಗೆ ಹೊದ್ದುಕೊಳ್ಳುತ್ತೇವೆ ಎಂದರೆ ಕೊಟ್ಟುಬಿಡಿ.